ಚಳಿಗಾಲದ ಕೆರೆಯಂಗಳದಲ್ಲಿ ಹಕ್ಕಿ ನೋಡುವುದು ಹೇಗೆ?

ಹಳೇಬೀಡಿಗೆ ಬರುವವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯವನ್ನು ಸುತ್ತಿ, ಪಕ್ಕದ ದ್ವಾರಸಮುದ್ರ ಕೆರೆಯತ್ತ ಒಮ್ಮೆ ಕಣ್ಣು ಹಾಯಿಸಿ ಹೊರಟುಬಿಡುತ್ತಾರೆ. ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತರದ ನಾಡುಗಳಿಂದ ವಲಸೆ ಬಂದ ಬಾತುಗಳೂ ಕೆಸರಿನಂಚಿನ ಹಕ್ಕಿಗಳಾದ ಗೊರವಗಳೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕೆರೆಗಳಲ್ಲಿ ಮೇಯುತ್ತಿರುವಾಗ ಅವುಗಳನ್ನು ನೋಡದೆ ಹೋಗುವುದು ನಿಜಕ್ಕೂ ನಷ್ಟ.

ಮೊದಲು ಒಂದೇ ಕೆರೆಯನ್ನು ಆರಿಸಿಕೊಳ್ಳಿ. ಹೊಸಬರಿಗೆ ಸಖರಾಯಪಟ್ಟಣದ ಅಯ್ಯನಕೆರೆಯಂಥ ವಿಶಾಲ ಕೆರೆಗಿಂತ, ಆಚೆ ದಡ ಕಣ್ಣಳತೆಯಲ್ಲಿರುವ ಊರಕೆರೆಯೇ ಮೇಲು. ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿಲಿಮೀಟರ್ ಗಾಜಿನ ಬೈನಾಕ್ಯುಲರ್ ಇದ್ದರೆ ಸಾಕು.

ಬೆಳಗಿನ ಮಂಜು ಸರಿಯುವ ಹೊತ್ತಿಗೆ, ಸೂರ್ಯ ಬೆನ್ನಿಗಿರುವಂತೆ ಕೆರೆಯ ಪೂರ್ವದ ದಡಕ್ಕೆ ಹೋಗಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ. ಏರಿಯ ನೆತ್ತಿಯ ಮೇಲೆ ನಿಲ್ಲಬೇಡಿ, ಏಕೆಂದರೆ ಆಕಾಶದೆದುರು ಎದ್ದು ಕಾಣುವ ಮನುಷ್ಯಾಕೃತಿಗೆ ಬಾತುಗಳು ಬಹಳ ಬೇಗ ಬೆದರುತ್ತವೆ. ಇಳಿಜಾರಿನಲ್ಲಿ ಕುಳಿತು ಹತ್ತು ನಿಮಿಷ ಅಲುಗಾಡದಿರಿ.

ನಡುನೀರಿನಲ್ಲಿ ನಾಮದಕೋಳಿ, ಗುಳುಮುಳುಕ, ನೀರುಕಾಗೆಗಳು ಸುಲಭವಾಗಿ ಸಿಗುತ್ತವೆ. ತಲೆಯನ್ನು ನೀರಿಗಿಳಿಸಿ ಚೂಪು ಬಾಲವನ್ನು ಮೇಲೆತ್ತುವುದು ಸೂಜಿಬಾಲದ ಬಾತು. ಅಗಲ ಕೊಕ್ಕಿನಿಂದ ನೀರನ್ನು ಸೋಸುತ್ತ ಸಾಗುವುದು ಚಲುಕದ ಬಾತು. ಚಳಿಗಾಲದ ಆರಂಭದಲ್ಲಿ ಗಂಡುಬಾತುಗಳು ಹೆಣ್ಣಿನಂತೆಯೇ ಮಾಸಲು ಬಣ್ಣದಲ್ಲಿರುವುದರಿಂದ ಗುರುತು ಸಿಗದಿದ್ದರೆ ಬೇಸರಿಸಬೇಡಿ. ಫೆಬ್ರವರಿಯಲ್ಲಿ ಅದೇ ಕೆರೆಗೆ ಮತ್ತೆ ಬನ್ನಿ.

ನನ್ನ ಮಟ್ಟಿಗೆ ಹೆಚ್ಚಿನ ಹೊತ್ತು ಸಲ್ಲಬೇಕಾದದ್ದು ಕೆಸರಿನ ಅಂಚಿಗೆ. ಅಲ್ಲಿ ಓಡಾಡುವ ಕಂದು ಬಣ್ಣದ ಸಣ್ಣ ಹಕ್ಕಿಗಳೆಲ್ಲ ಮೊದಲ ನೋಟಕ್ಕೆ ಒಂದೇ ಎನಿಸುತ್ತವೆ. ಬಣ್ಣವನ್ನು ಬಿಟ್ಟು ನಡೆಯನ್ನು ಗಮನಿಸಿ. ಹೆಜ್ಜೆಹೆಜ್ಜೆಗೂ ಹಿಂಭಾಗವನ್ನು ಕುಲುಕಿಸುತ್ತ, ಎದೆಯ ಬಿಳುಪು ರೆಕ್ಕೆಯ ಮುಂದೆ ಭುಜದವರೆಗೆ ಏರಿದ್ದರೆ ಅದು ಕಾಮನ್ ಸ್ಯಾಂಡ್‌ಪೈಪರ್. ಹಾರಿದಾಗ ಅದು ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಗಳನ್ನು ಬಿಗಿಯಾಗಿ ಅದುರಿಸುತ್ತ ಸಾಗುತ್ತದೆ. ಬೆನ್ನಿನ ಮೇಲೆ ಬಿಳಿ ಚುಕ್ಕೆಗಳು, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು, ಹಳದಿ ಛಾಯೆಯ ಕಾಲು ಕಂಡರೆ ಅದು ವುಡ್ ಸ್ಯಾಂಡ್‌ಪೈಪರ್. ಈ ಎರಡನ್ನು ಬೇರ್ಪಡಿಸಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು.

ಕಡಲಿಲ್ಲದ ನಮ್ಮ ಜಿಲ್ಲೆಗಳಲ್ಲಿ ತೀರದ ನಡಿಗೆಯ ಸುಖ ಕೊಡುವುದು ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಬಳಿಯ ಹೇಮಾವತಿ ಹಿನ್ನೀರು. ನೀರು ಇಳಿದಂತೆ ದಂಡೆ ತೆರೆದುಕೊಳ್ಳುತ್ತದೆ. ಆದರೆ ಮೇಲೆ ಒಣಗಿದಂತೆ ಕಾಣುವ ಮಣ್ಣಿನ ಅಡಿಯಲ್ಲಿ ಹೂಳಿರಬಹುದಾದ್ದರಿಂದ, ದನಗಳ ಹೆಜ್ಜೆಗುರುತು ಇಲ್ಲದ ಕಡೆ ಕಾಲಿಡಬೇಡಿ. ಮೇಯುತ್ತಿದ್ದ ಹಿಂಡು ಒಮ್ಮೆಲೇ ಕತ್ತೆತ್ತಿ ನಿಂತರೆ ನೀವು ಹತ್ತಿರವಾದಿರಿ ಎಂದರ್ಥ. ಅಲ್ಲಿಂದಲೇ ಹಿಂದೆ ಸರಿಯಿರಿ.

ಕೊನೆಯದಾಗಿ, ದಿನಾಂಕ, ಸಮಯ, ನೀರಿನ ಮಟ್ಟ, ಸಂಖ್ಯೆಗಳನ್ನು ಅಲ್ಲಿಯೇ ಬರೆದುಕೊಳ್ಳಿ. ದೊಡ್ಡ ಹಿಂಡಿನಲ್ಲಿ ಹತ್ತು ಹಕ್ಕಿಗಳನ್ನು ಎಣಿಸಿ, ಅಷ್ಟೇ ಜಾಗವನ್ನು ಅಳತೆಗೋಲಾಗಿಸಿಕೊಂಡು ಉಳಿದವನ್ನು ಅಂದಾಜಿಸಿ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾ ಜಲಪಕ್ಷಿ ಗಣತಿಗೆ ಇಂಥ ಎಣಿಕೆಗಳೇ ಆಧಾರವಾದ್ದರಿಂದ, ನಿಮ್ಮ ಕೆರೆಯ ಪಟ್ಟಿಯನ್ನು ಹಕ್ಕಿ ನೋಡುಗರು ತಮ್ಮ ದಾಖಲೆಗಳನ್ನು ಸೇರಿಸುವ ಇ-ಬರ್ಡ್‌ ಜಾಲತಾಣಕ್ಕೂ ಸೇರಿಸಿ.