ಲ್ಯಾನ್‌ಸ್ಟೆಫನ್ ಕೋಟೆಗೆ ಹೋಗುವವರಿಗೆ

ವೇಲ್ಸ್‌ನ ಕಾರ್ಮಾರ್ಥನ್ ಕಡೆ ಹೋದರೆ ಲ್ಯಾನ್‌ಸ್ಟೆಫನ್ ಕೋಟೆ ತಪ್ಪಿಸಬೇಡಿ. ಟವಿ ನದಿ ಸಮುದ್ರ ಸೇರುವ ಅಳಿವೆಯ ಮೇಲೇ ನಿಂತಿದೆ. ಟಿಕೆಟ್ ಇಲ್ಲ, ಪ್ರವೇಶ ಉಚಿತ. ಕಾರನ್ನು ಕೆಳಗೆ ಬೀಚ್ ಹತ್ತಿರ ನಿಲ್ಲಿಸಿ ನಡೆದೇ ಹತ್ತಬೇಕು. ಏರು ಜಾಸ್ತಿ, ಮಳೆ ಬಂದರೆ ಹುಲ್ಲು ಜಾರುತ್ತದೆ. ಹಿಡಿತ ಇರುವ ಶೂ ಹಾಕಿಕೊಳ್ಳಿ. ತಳ್ಳುಗಾಡಿ ಬೇಡ, ಮಗುವನ್ನು ಎತ್ತಿಕೊಂಡೇ ಹೋಗಿ.

ಮೇಲೆ ಹೋದ ತಕ್ಷಣ ಫೋಟೋಗೆ ಓಡಬೇಡಿ. ಜೋಡಿ ಬುರುಜಿನ ದೊಡ್ಡ ಬಾಗಿಲ ಮುಂದೆ ಸ್ವಲ್ಪ ನಿಲ್ಲಿ. 13ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಆಮೇಲೆ ಆ ದಾರಿಯನ್ನೇ ಕಲ್ಲಿಟ್ಟು ಮುಚ್ಚಿ, ಪಕ್ಕದಲ್ಲಿ ಬೇರೆ ಬಾಗಿಲು ಮಾಡಿದರು. ಮುಚ್ಚಿದ ಗುರುತು ಗೋಡೆಯಲ್ಲಿ ಈಗಲೂ ಕಾಣುತ್ತದೆ, ನನಗಂತೂ ಅದೇ ತುಂಬಾ ಇಷ್ಟ.

ನೀರು ಇಳಿದಾಗ ಹೋದರೆ ಮರಳ ದಿಬ್ಬಗಳ ನಡುವೆ ನದಿ ಹರಿಯುವುದು ಚೆನ್ನಾಗಿ ಕಾಣುತ್ತದೆ. ಆದರೆ ಆ ಮರಳಿನ ಮೇಲೆ ಸುಮ್ನೆ ದೂರ ನಡೆಯಬೇಡಿ, ಉಬ್ಬರ ಬೇಗ ಏರುತ್ತದೆ. ರೈಲಿನಲ್ಲಿ ಬರುವವರು ಗಮನಿಸಿ: ಫೆರಿಸೈಡ್ ನಿಲ್ದಾಣ ಇರುವುದು ಆಚೆ ದಡದಲ್ಲಿ. ಎದುರಿಗೇ ಕಾಣುತ್ತದೆ, ಆದರೆ ರಸ್ತೆಯಲ್ಲಿ ಕಾರ್ಮಾರ್ಥನ್ ಸುತ್ತಿಕೊಂಡೇ ಬರಬೇಕು. ದೋಣಿ ಇದೆಯಾ ಅಂತ ಮೊದಲೇ ವಿಚಾರಿಸಿ.