ಎದ್ದ ತಕ್ಷಣ ಹಾಸಿಗೆ ಮುಚ್ಚಬೇಡಿ

ಎದ್ದ ಮರುಕ್ಷಣವೇ ಹೊದಿಕೆ ಎಳೆದು, ಒಂದು ಸುಕ್ಕೂ ಇಲ್ಲದಂತೆ ಹಾಸಿಗೆ ಮುಚ್ಚಿಬಿಡುತ್ತೀರಲ್ಲ, ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ರಾತ್ರಿಯಿಡೀ ಮೈಯ ಬಿಸಿ, ಬೆವರು ಹೀರಿಕೊಂಡ ಹಾಸಿಗೆ ಅದು. ಮುಚ್ಚಿದರೆ ಆ ಬೆಚ್ಚನೆಯ ತೇವ ಒಳಗೇ ಉಳಿಯುತ್ತದೆ. ಹಾಸಿಗೆಯಲ್ಲಿ ಬದುಕುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳವಾದ ಧೂಳಿನ ನುಸಿಗೆ ಬೇಕಾದದ್ದೂ ಅದೇ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ನೀರು ಕುಡಿಯುವುದಿಲ್ಲ, ಗಾಳಿಯ ತೇವ ಹೀರಿಯೇ ಬದುಕುತ್ತದೆ. ಗಾಳಿಯಲ್ಲಿ ತೇವವಿದ್ದು 23 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಮೊಟ್ಟೆ ಸುಮಾರು ಒಂದು ತಿಂಗಳಲ್ಲಿ ಬೆಳೆದ ಹುಳವಾಗುತ್ತದೆ. 16 ಡಿಗ್ರಿಯಲ್ಲಾದರೆ ಅದಕ್ಕೇ ನಾಲ್ಕು ತಿಂಗಳು ಹಿಡಿಯುತ್ತದೆ. ಚಳಿ ಬಂತು, ಸತ್ತುಹೋಯಿತು ಅಂದುಕೊಳ್ಳಬೇಡಿ. ನಿಧಾನವಾಗಿದೆ ಅಷ್ಟೇ.

ಸೀನು, ಉಬ್ಬಸ ತರಿಸುವುದು ಹೆಚ್ಚಾಗಿ ಅದರ ಹಿಕ್ಕೆ. ಒಂದೊಂದು ಹುಳವೂ ದಿನಕ್ಕೆ ಇಪ್ಪತ್ತರಷ್ಟು ಹಾಕುತ್ತದೆ. ತಣ್ಣೀರಿನಲ್ಲಿ ಒಗೆದರೆ ಆ ಹಿಕ್ಕೆಯೇನೋ ಬಹುಪಾಲು ಹೋಗುತ್ತದೆ, ಆದರೆ ಹುಳ ಹಾಯಾಗಿ ಬದುಕಿರುತ್ತದೆ. ದಿಂಬಿನ ಚೀಲ, ಹಾಸುಬಟ್ಟೆಗೆ 60 ಡಿಗ್ರಿ ನೀರೇ ಬೇಕು, ಕೈ ಹಾಕಲಾಗದಷ್ಟು ಬಿಸಿ. ಒಗೆದದ್ದನ್ನು ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಗಿಸುವವರಿಗೆ ಏನು ಹೇಳಲಿ! ಆ ನೀರೆಲ್ಲ ಹೋಗಿ ಕೂರುವುದು ನಿಮ್ಮ ಹಾಸಿಗೆಯಲ್ಲೇ.

ಬಿಸಿನೀರು ತಾಳದ ಬಟ್ಟೆಗೊಂಬೆಗಳಿಗೆ ನನ್ನದೊಂದು ಕ್ರಮವಿದೆ. ನನ್ನ ಮಗ ಚಿಕ್ಕವನಿದ್ದಾಗ ಒಂದು ಬಟ್ಟೆ ಮೊಲವನ್ನು ಮೂಗಿಗೆ ಒತ್ತಿಕೊಂಡೇ ಮಲಗುತ್ತಿದ್ದ, ಬೆಳಗಿನ ಜಾವ ಎದೆ ಗೊರಗೊರ ಅನ್ನುತ್ತಿತ್ತು. ಮೊಲವನ್ನು ಒಣಗಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೊಣಕೈಯಿಂದ ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಗಂಟು ಹಾಕುತ್ತಿದ್ದೆ. ಹುಳ ಸಾಯಬೇಕಾದರೆ ಫ್ರೀಜರಿನ ತೀರಾ ಒಳಗೆ ಎರಡು ಹಗಲು, ಎರಡು ರಾತ್ರಿ ಇಡಬೇಕು. ಒಂದು ಗಂಟೆ ಇಟ್ಟು ತೆಗೆದರೆ ಮೇಲ್ಬಟ್ಟೆ ತಣ್ಣಗಾಗುತ್ತದೆ, ಒಳಗಿನ ಹತ್ತಿ ಬೆಚ್ಚಗೇ ಇರುತ್ತದೆ. ಹೊರಗೆ ತೆಗೆದ ಕೂಡಲೇ ಗಂಟು ಬಿಚ್ಚಬೇಡಿ, ಇದನ್ನೇ ಎಲ್ಲರೂ ತಪ್ಪು ಮಾಡುವುದು. ಬಿಚ್ಚಿದರೆ ಕೋಣೆಯ ಗಾಳಿಯ ತೇವ ತಣ್ಣನೆಯ ಗೊಂಬೆಗೇ ಅಂಟುತ್ತದೆ. ಮುಚ್ಚಿಯೇ ಇಟ್ಟರೆ ಹನಿ ಚೀಲದ ಹೊರಮೈಯಲ್ಲಿ ಕೂರುತ್ತದೆ. ಅದನ್ನು ಒರೆಸಿ, ಗೊಂಬೆಯ ತಂಪೆಲ್ಲ ಇಳಿದ ಮೇಲೆ ಬಿಚ್ಚಿ.

ಅಲ್ಲಿಗೇ ಮುಗಿಯಲಿಲ್ಲ. ಹುಳ ಸತ್ತರೂ ಅದರ ಹಿಕ್ಕೆ, ಹೆಣ ಎಲ್ಲ ಗೊಂಬೆಯಲ್ಲೇ ಇರುತ್ತವೆ. ಆಮೇಲೆ ತಣ್ಣೀರಿನಲ್ಲಿ ಒಗೆದು, ಹಿಂಡಿ, ಬಿಸಿಲಿಗೆ ಹಾಕಬೇಕು. ಮೇಲೆ ಒಣಗಿದೆ ಅಂತ ಮಗುವಿನ ಕೈಗೆ ಕೊಟ್ಟುಬಿಡಬೇಡಿ. ಗೊಂಬೆಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಅದುಮಿ ಕೆನ್ನೆಗಿಟ್ಟು ನೋಡಿ. ತುಸು ತಣ್ಣಗನ್ನಿಸಿದರೂ ಇನ್ನೊಂದು ದಿನ ಬಿಸಿಲಲ್ಲೇ ಇರಲಿ, ಮಗು ಅತ್ತರೂ ಸರಿ.