ಚೇಂಬರಿನಲ್ಲಿ ಕಚ್ಚಿಕೊಂಡ ಖಾಲಿ ತೋಟಾವನ್ನು ತೆಗೆಯುವುದು ಹೇಗೆ

ಹನ್ನೆರಡು ಬೋರಿನ ತೋಟಾ ಕೋವಿಯಲ್ಲಿ ಗುಂಡು ಹಾರಿಸಿದ ಮೇಲೆ ಖಾಲಿ ತೋಟಾ ಚೇಂಬರಿನಿಂದ, ಅಂದರೆ ನಳಿಕೆಯ ಹಿಂತುದಿಯಲ್ಲಿ ಅದು ಕೂರುವ ಜಾಗದಿಂದ, ಹೊರಗೆ ಬಾರದಿದ್ದರೆ ಹೆಚ್ಚಿನವರು ಕೈಗೆ ಸಿಕ್ಕ ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಲು ನೋಡುತ್ತಾರೆ. ತೋಟಾದ ಅಂಚು ಹರಿಯುವುದು, ತೋಟಾವನ್ನು ಹೊರಕ್ಕೆ ಎತ್ತುವ ಎಕ್ಸ್‌ಟ್ರ್ಯಾಕ್ಟರ್ ಬಾಗುವುದು, ಚೇಂಬರಿನ ಬಾಯಿಗೆ ಗೀರು ಬೀಳುವುದು ಆಗಲೇ. ತಾಳ್ಮೆಯಿದ್ದರೆ ಒಂದು ಮರದ ಕೋಲು, ಸ್ವಲ್ಪ ತೆಳು ಎಣ್ಣೆ ಸಾಕು. ಇಲ್ಲಿ ಹೇಳುವುದು ಮಡಚುವ ಒಂಟಿನಳಿಕೆ, ಜೋಡುನಳಿಕೆ ಕೋವಿಗಳ ವಿಷಯ. ಕೊಡಗು, ಮಲೆನಾಡಿನ ಮನೆಗಳಲ್ಲಿ ಹೆಚ್ಚಾಗಿ ಇರುವುದೂ ಇವೇ.

ಮೊದಲು ತಿಳಿಯಬೇಕಾದದ್ದು ಒಳಗಿರುವುದು ನಿಜಕ್ಕೂ ಖಾಲಿಯೇ ಎಂಬುದು. ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಪಿನ್ನಿನ ಗುಳಿ ಬಿದ್ದಿದೆ ಎಂದ ಮಾತ್ರಕ್ಕೆ ತೋಟಾ ಸಿಡಿದಿದೆ ಎಂದಲ್ಲ. ಠುಸ್ಸಾದ ತೋಟಾದ ಮೇಲೂ ಅದೇ ಗುಳಿ ಇರುತ್ತದೆ. ಟ್ರಿಗರ್ ಎಳೆದಾಗ ಸದ್ದೇ ಬರಲಿಲ್ಲವೆಂದರೆ ಕೋವಿಯನ್ನು ತೆರೆಯಬೇಡಿ. ನಳಿಕೆಯ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ, ಮಣ್ಣಿನ ದಿಬ್ಬದ ಕಡೆಗೆ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ಹಳೆಯ, ತೇವ ಹಿಡಿದ ತೋಟಾದಲ್ಲಿ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ತೆರೆದ ಕೋವಿಯಲ್ಲಿ ಹಾಗಾದರೆ ಹಿತ್ತಾಳೆಯ ಬುಡ ನೇರ ನಿಮ್ಮ ಮುಖದತ್ತ ಸಿಡಿಯುತ್ತದೆ.

ನಿಮಿಷ ಕಳೆದ ಮೇಲೆ ಬಾಯಿಯನ್ನು ಅದೇ ದಿಕ್ಕಿನಲ್ಲಿಟ್ಟುಕೊಂಡೇ ಮಡಚಿ, ಇನ್ನೊಂದು ನಳಿಕೆಯಲ್ಲಿ ತೋಟಾ ಇದ್ದರೆ ತೆಗೆದಿಡಿ. ಕುದುರೆ (ಪಿನ್ನಿಗೆ ಬಡಿಯುವ ಭಾಗ) ಹೊರಗೆ ಕಾಣುವ ಹಳೆಯ ಕೋವಿಗಳಲ್ಲಿ ಕೆಲವೊಮ್ಮೆ ಪಿನ್ನು ಕೇಪಿನ ಗುಳಿಯಲ್ಲೇ ಕೂತು ಕೋವಿ ತೆರೆದುಕೊಳ್ಳುವುದೇ ಇಲ್ಲ. ಕುದುರೆಯನ್ನು ಅರ್ಧಕ್ಕೆ ಎತ್ತಿದರೆ ಪಿನ್ನು ಹಿಂದೆ ಸರಿದು ದಾರಿ ಬಿಡುತ್ತದೆ. ಆಗಲೂ ತೆರೆಯದಿದ್ದರೆ ನಳಿಕೆಯನ್ನು ಮೊಣಕಾಲಿಗೆ ಒತ್ತಿ ಮುರಿಯುವಂತೆ ಬಲ ಹಾಕಬೇಡಿ. ಬೀಗದ ಭಾಗ ಕೆಡುತ್ತದೆ. ಅದು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸ.

ತೆರೆಯಿತೆಂದರೆ ನಳಿಕೆಯ ಕೆಳಗಿನ ಮರವನ್ನು ಬಿಡಿಸಿ, ನಳಿಕೆಯನ್ನು ಹಿಡಿಯಿಂದ ಪೂರ್ತಿ ಬೇರ್ಪಡಿಸಿ. ಈಗ ಕೇಪಿಗೆ ಹೊಡೆಯುವ ಪಿನ್ನು ಹಿಂದೆ ಇಲ್ಲ. ಇದೊಂದನ್ನು ಮಾಡದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

ಒಳಗೆ ಏನಿದೆ ಎಂದು ಅಳೆಯಲು ಗಟ್ಟಿ ಮರದ, ಸುಮಾರು 15–16 ಮಿಲಿಮೀಟರ್ ದಪ್ಪದ, 90 ಸೆಂಟಿಮೀಟರ್ ಉದ್ದದ ನೇರ ಕೋಲು ಬೇಕು. ಹನ್ನೆರಡು ಬೋರಿನ ನಳಿಕೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಆದರೂ ಚೋಕ್ ಇರುವ ಕಡೆ ಬಾಯಿ ಕಿರಿದಾಗಿರುವುದರಿಂದ 18ರ ಕೋಲು ಸಿಕ್ಕಿಬಿದ್ದೀತು. ಕೋಲಿನ ತುದಿ ಸಮತಟ್ಟಾಗಿರಲಿ. ಚೂಪಾಗಿದ್ದರೆ ತೋಟಾದ ತಳವನ್ನು ತೂತು ಮಾಡುತ್ತದೆ, ಇಲ್ಲವೇ ಕೇಪನ್ನಷ್ಟೇ ಹೊರಗೆ ತಳ್ಳುತ್ತದೆ. ಕೋಲನ್ನು ನಳಿಕೆಯ ಹೊರಗೆ ಪಕ್ಕದಲ್ಲಿಟ್ಟು, ಹಿಂತುದಿಯಿಂದ ಬಾಯಿಯವರೆಗಿನ ಉದ್ದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಆಮೇಲೆ ಬಾಯಿಯಿಂದ ಕೋಲನ್ನು ಮೆಲ್ಲಗೆ ಇಳಿಸಿ. ನಿಮ್ಮ ಮುಖವಾಗಲಿ, ಅಂಗೈಯಾಗಲಿ ಬಾಯಿಯ ನೇರಕ್ಕೆ ಇರಬಾರದು. ಕೋಲನ್ನು ಪಕ್ಕದಿಂದ ಬೆರಳಲ್ಲಿ ಹಿಡಿಯಿರಿ.

ಗುರುತು ಬಾಯಿಯಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಹೊರಗುಳಿದರೆ ಕೋಲು ತೋಟಾದ ತಳಕ್ಕೆ ಮುಟ್ಟಿದೆ, ತೋಟಾ ಖಾಲಿ. ಐದರಿಂದ ಆರೂವರೆ ಸೆಂಟಿಮೀಟರ್ ಹೊರಗುಳಿದರೆ ತುಂಬಿದ ತೋಟಾದ ಮುಚ್ಚಿದ ಬಾಯಿಗೆ ತಗುಲಿದೆ. ಅದಕ್ಕಿಂತ ಮೇಲೆಯೇ ನಿಂತರೆ ನಳಿಕೆಯ ನಡುವೆ ವಾಡ್ (ಮದ್ದಿಗೂ ಗುಂಡುಗಳಿಗೂ ನಡುವಿನ ಬಿಲ್ಲೆ) ಅಥವಾ ಬೇರೇನೋ ಕೂತಿದೆ. ಗುಂಡಿನ ಸದ್ದು ಎಂದಿಗಿಂತ ಮೆತ್ತಗೆ ಬಂದಿದ್ದರೆ ಈ ಮೂರನೆಯದನ್ನು ಶಂಕಿಸಲೇಬೇಕು. ಅದನ್ನು ನೋಡದೆ ಮುಂದಿನ ತೋಟಾ ಹಾರಿಸಿದವರ ನಳಿಕೆ ಸೀಳುತ್ತದೆ.

ತುಂಬಿದ ತೋಟಾ ಎಂದು ಗೊತ್ತಾದರೆ ಅಂಚನ್ನು ಬೆರಳಿನಿಂದ ಹಿಡಿದು ಎಳೆದು ನೋಡಬಹುದು, ಅಷ್ಟೇ. ಬಾಯಿಯಿಂದ ಕೋಲು ಹಾಕಿ ಬಡಿಯಬಾರದು, ಬುಡಕ್ಕೆ ಸುತ್ತಿಗೆ ಮುಟ್ಟಿಸಬಾರದು, ಬಿಸಿ ಮಾಡಬಾರದು. ಎಣ್ಣೆ ಸುರಿದರೆ ಕೇಪು ಸತ್ತೇ ಹೋಗುತ್ತದೆ ಎಂಬ ನಂಬಿಕೆಯ ಮೇಲೆ ಕೈ ಇಡಬೇಡಿ. ಬಾರದಿದ್ದರೆ ನಳಿಕೆಯನ್ನು ಹಿಡಿಯಿಂದ ಬೇರೆಯಾಗಿಯೇ ಇಟ್ಟು, ಒಳಗೆ ತುಂಬಿದ ತೋಟಾ ಇದೆ ಎಂದು ಮೊದಲೇ ಹೇಳಿ ರಿಪೇರಿಯವರ ಸಲಹೆ ಕೇಳಿ.

ಖಾಲಿ ಎಂದು ಖಚಿತವಾದ ಮೇಲೆ ಕೆಲಸ ಸುಲಭ. ಕನ್ನಡಕ ಹಾಕಿಕೊಳ್ಳಿ. ನಳಿಕೆಯ ಹಿಂಭಾಗ ಮೇಲಾಗುವಂತೆ ನಿಲ್ಲಿಸಿ, ತೋಟಾದ ಅಂಚಿನ ಸುತ್ತ ನಾಲ್ಕೈದು ಹನಿ ತೆಳು ಎಣ್ಣೆ ಬಿಟ್ಟು ಅರ್ಧ ಗಂಟೆ ಹಾಗೇ ಬಿಡಿ. ತುಕ್ಕು ಬಿಡಿಸುವ ಸ್ಪ್ರೇ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದರೂ ಆದೀತು. ಬಳಿಕ ತಿರುಗಿಸಿ, ಹಿಂಭಾಗವನ್ನು ಮಡಚಿದ ಗೋಣಿಚೀಲದ ಮೇಲೆ, ತೋಟಾ ಹೊರಬರಲು ನಡುವೆ ಜಾಗ ಬಿಟ್ಟು ನಿಲ್ಲಿಸಿ. ಕೋಲನ್ನು ಬಾಯಿಯಿಂದ ಇಳಿಸಿ, ಹತ್ತು ಸೆಂಟಿಮೀಟರ್ ಎತ್ತಿ ತನ್ನ ಭಾರಕ್ಕೇ ಬೀಳಲು ಬಿಡಿ. ನಾಲ್ಕಾರು ಸಲ ಹೀಗೆ ಮಾಡಿದರೆ ಬಹಳಷ್ಟು ತೋಟಾಗಳು ಸಡಿಲಾಗುತ್ತವೆ. ಆಗದಿದ್ದರೆ ಕೋಲಿನ ತಲೆಗೆ ಮರದ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು ಕೊಡಿ. ಒಂದು ದೊಡ್ಡ ಏಟಿಗಿಂತ ಹತ್ತು ಸಣ್ಣ ಏಟು ಮೇಲು. ಕಬ್ಬಿಣದ ಸರಳು ಬೇಡವೇ ಬೇಡ, ಚೋಕಿನ ಒಳಮೈ ಗೀರಿಹೋಗುತ್ತದೆ.

ಕೆಲವೊಮ್ಮೆ ಹಿತ್ತಾಳೆ ಬುಡ ಕಿತ್ತುಬಂದು ಪ್ಲಾಸ್ಟಿಕ್ಕಿನ ಇಲ್ಲವೇ ಕಾಗದದ ಕೊಳವೆ ಮಾತ್ರ ಒಳಗೆ ಉಳಿಯುತ್ತದೆ. ಅದನ್ನು ಬಾಯಿಯಿಂದ ತಳ್ಳಲು ಕೋಲಿಗೆ ಹಿಡಿತ ಸಿಗುವುದಿಲ್ಲ. ಬೋರಿನ, ಅಂದರೆ ನಳಿಕೆಯ ಒಳಭಾಗ ಉಜ್ಜುವ, ಕಂಚಿನ ಬ್ರಷ್ಷನ್ನು ಹಿಂಭಾಗದಿಂದ ಕೊಳವೆಯೊಳಗೆ ಬಿಗಿಯಾಗಿ ತೂರಿಸಿ, ಒಂದೇ ದಿಕ್ಕಿಗೆ ತಿರುಗಿಸುತ್ತಾ ಹಿಂದಕ್ಕೆ ಎಳೆಯಿರಿ. ಬ್ರಷ್ಷಿನ ಎಳೆಗಳು ಕೊಳವೆಯನ್ನು ಹಿಡಿದುಕೊಳ್ಳುತ್ತವೆ. ಹಾಗೂ ಬಾರದಿದ್ದರೆ ಕೊಳವೆಯ ಒಂದು ಅಂಚನ್ನು ತೆಳು ಹಿತ್ತಾಳೆ ಪಟ್ಟಿಯಿಂದ ಒಳಕ್ಕೆ ಮಡಚಿ, ಉದ್ದ ಮೂತಿಯ ಇಕ್ಕಳದಿಂದ ಸುರುಳಿ ಸುತ್ತಿದಂತೆ ಎಳೆಯಬೇಕು. ಹೊರಬಂದ ತುಂಡುಗಳನ್ನು ಜೋಡಿಸಿ ನೋಡಿ. ಒಂದು ಚೂರು ಒಳಗೆ ಉಳಿದರೂ ಮುಂದಿನ ತೋಟಾ ಸರಿಯಾಗಿ ಕೂರುವುದಿಲ್ಲ.

ಇನ್ನು ಹೀಗೇಕಾಯಿತು ಎಂಬುದು. ತೋಟಾ ತೆಗೆದು ಅಲ್ಲಿಗೇ ಬಿಟ್ಟರೆ ಮುಂದಿನ ಸಲವೂ ಇದೇ ಗತಿ. ಮದ್ದು ಉರಿದಾಗ ತೋಟಾ ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಒತ್ತಡ ಇಳಿದ ಕೂಡಲೇ ಸ್ವಲ್ಪ ಕುಗ್ಗಿ ಬಿಡಿಸಿಕೊಳ್ಳುತ್ತದೆ. ಗೋಡೆ ನುಣುಪಾಗಿದ್ದರೆ ಬೆರಳಿಗೇ ಬರುತ್ತದೆ. ಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ಹಿಗ್ಗಿದ ತೋಟಾ ಆ ಗುಳಿಗಳಿಗೇ ಅಚ್ಚಾಗಿ ಕಚ್ಚುತ್ತದೆ. ಬುಡ ಅಪ್ಪಟ ಹಿತ್ತಾಳೆಯಾಗಿರದೆ ಹಿತ್ತಾಳೆ ಬಣ್ಣದ ಉಕ್ಕಾಗಿದ್ದರೆ ಕುಗ್ಗುವುದೂ ಕಡಿಮೆ.

ತುಕ್ಕಿಗೆ ನಮ್ಮ ಕಡೆ ಕಾರಣ ಹುಡುಕಬೇಕಿಲ್ಲ. ಜೂನಿನಿಂದ ಮಳೆ, ಮೂಲೆಯಲ್ಲಿ ನಿಂತ ಕೋವಿ ಹೊರಬರುವುದು ಸೆಪ್ಟೆಂಬರಿನ ಕೈಲ್ ಪೊಳ್ದಿಗೆ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ. ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಇಟ್ಟ ಕೋವಿಗೂ ವಾರಗಟ್ಟಲೆ ಎಣ್ಣೆ ಕಾಣದು. ಒಪ್ಪಿಸುವ ಮುನ್ನವೇ ಚೇಂಬರಿಗೆ ಎಣ್ಣೆ ಸವರಿ, ಮರಳಿ ಬಂದ ದಿನವೇ ಒರೆಸಿ.

ಆದರೆ ಎಷ್ಟೋ ಜನ ಪ್ರತಿ ಸಲ ಬ್ರಷ್ ಹಾಕಿ ಉಜ್ಜುತ್ತಲೇ ಇರುತ್ತಾರೆ, ಆದರೂ ತೋಟಾ ಕಚ್ಚುತ್ತದೆ. ಏಕೆಂದರೆ ಚೇಂಬರು ಬೋರಿಗಿಂತ ಅಗಲ, ಸುಮಾರು 20.5 ಮಿ.ಮೀ. ಬೋರಿನ ಬ್ರಷ್ ನಳಿಕೆಯಲ್ಲಿ ಬಿಗಿಯಾಗಿ ಓಡಿ, ಚೇಂಬರಿನಲ್ಲಿ ಗೋಡೆಗೆ ಸರಿಯಾಗಿ ತಾಗದೆ ಹಾದುಹೋಗುತ್ತದೆ. ನಳಿಕೆ ಕನ್ನಡಿಯಂತೆ ಹೊಳೆಯುತ್ತಿದ್ದರೂ ಚೇಂಬರಿನಲ್ಲಿ ಕರಗಿದ ಪ್ಲಾಸ್ಟಿಕ್ಕಿನ ಪದರ ಹಾಗೇ ಇರುತ್ತದೆ. ಚೇಂಬರ್ ಬ್ರಷ್ ಬೇರೆಯೇ ಸಿಗುತ್ತದೆ. ಸಿಗದಿದ್ದರೆ ಹಳೆಯ ಬೋರ್ ಬ್ರಷ್ಷಿಗೆ ಅತಿ ನಯವಾದ ಸ್ಟೀಲ್ ವೂಲ್ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಬರೀ ಕೈಯಿಂದ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ. ಡ್ರಿಲ್ಲಿಗೆ ಸಿಕ್ಕಿಸಬೇಡಿ, ಮರಳು ಕಾಗದ ತಾಗಿಸಬೇಡಿ. ಒಮ್ಮೆ ಸವೆದ ಚೇಂಬರ್ ಮತ್ತೆ ಕಿರಿದಾಗುವುದಿಲ್ಲ.

ಹಳೆಯ ಇಂಗ್ಲಿಷ್ ಕೋವಿ ಇರುವ ಮನೆಯವರು ಚೇಂಬರಿನ ಉದ್ದವನ್ನೂ ನೋಡಬೇಕು. ಅವುಗಳಲ್ಲಿ ಅನೇಕಕ್ಕೆ 65 ಮಿ.ಮೀ. ಚೇಂಬರ್, ಈಗಿನ ತೋಟಾ ಹೆಚ್ಚಾಗಿ 70. ತೋಟಾದ ಮೇಲೆ ಬರೆದಿರುವುದು ಹಾರಿಸಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಆದ್ದರಿಂದ 70ರ ತೋಟಾ 65ರ ಚೇಂಬರಿಗೆ ಸಲೀಸಾಗಿ ಹೋಗುತ್ತದೆ, ಸಿಡಿದಾಗ ಮಾತ್ರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಹೊರಬಂದ ತೋಟಾದ ಬಾಯಿ ಚಿಂದಿಯಾಗಿದ್ದರೆ ಆ ತೋಟಾ ಆ ಕೋವಿಗೆ ಮತ್ತೆ ಬೇಡ. ಗಾತ್ರದಲ್ಲಿ ಸಣ್ಣದಾದ ಇಪ್ಪತ್ತು ಬೋರಿನ ತೋಟಾವನ್ನು ಹನ್ನೆರಡರದರ ಜೊತೆ ಒಂದೇ ಚೀಲದಲ್ಲಿ ಇಡುವುದು ಇನ್ನೂ ಅಪಾಯ. ಅದು ಚೇಂಬರನ್ನು ದಾಟಿ ಮುಂದೆ ಹೋಗಿ ಕೂರುತ್ತದೆ, ಖಾಲಿ ಎಂದುಕೊಂಡು ಹಿಂದೆ ಇನ್ನೊಂದು ತೋಟಾ ತುಂಬಿದರೆ ನಳಿಕೆ ಒಡೆಯುತ್ತದೆ.

ಕೆಲಸ ಮುಗಿದ ಮೇಲೆ ಚೇಂಬರನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಎತ್ತಿಡುವಾಗ ಎಣ್ಣೆಯ ತೆಳು ಪದರ ಇರಲಿ. ಹಾರಿಸುವ ಮುನ್ನ ಅದನ್ನೂ ತೆಗೆಯಬೇಕು, ಏಕೆಂದರೆ ಎಣ್ಣೆಯ ಗೋಡೆಯನ್ನು ತೋಟಾ ಹಿಡಿದುಕೊಳ್ಳದೆ ಒತ್ತಡವೆಲ್ಲ ಹಿಂದಿನ ಬೀಗದ ಮೇಲೆ ಬೀಳುತ್ತದೆ. ತೆಂಗಿನೆಣ್ಣೆ ಬಳಸಬೇಡಿ, ಚಳಿಗೆ ಹೆಪ್ಪುಗಟ್ಟಿ ಹಳತಾದಂತೆ ಅಂಟಾಗುತ್ತದೆ. ನಳಿಕೆ ಬೇರೆಯಾಗಿರುವಾಗಲೇ ಮದ್ದಿಲ್ಲದ ಡಮ್ಮಿ ತೋಟಾವನ್ನು ಎರಡೂ ಚೇಂಬರಿಗೆ ಬಿಟ್ಟು ನೋಡಿ. ತನ್ನ ಭಾರಕ್ಕೇ ಪೂರ್ತಿ ಇಳಿದು, ನಳಿಕೆ ಬೋರಲು ಮಾಡಿದಾಗ ತಾನಾಗಿ ಜಾರಿ ಬಿದ್ದರೆ ಸರಿ. ಶುಚಿ ಮಾಡಿದ ಮೇಲೂ ತಡೆದರೆ ಗುಳಿಗಳು ಆಳವಾಗಿವೆ. ಚೇಂಬರ್ ನಯಗೊಳಿಸುವುದು, ಎಕ್ಸ್‌ಟ್ರ್ಯಾಕ್ಟರ್ ಬದಲಿಸುವುದು ಪರವಾನಗಿ ಇದ್ದವರೇ ಮಾಡಬೇಕಾದ ಕೆಲಸ. ಕೊಡಗಿನಲ್ಲಿ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೆಲವರಿಗೆ ಇರುವ ವಿನಾಯಿತಿಯನ್ನು ರಿಪೇರಿಗೂ ಅನುಮತಿ ಎಂದು ತಿಳಿಯಬಾರದು.